ಬಚ್ಚಲ ಒಲೆಯ ಲೆಕ್ಕ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಇಂಧನದ ದೊಡ್ಡ ಪಾಲು ಖರ್ಚಾಗುವುದು ಶಾಖಕ್ಕೆ. ಅನ್ನ ಬೇಯಬೇಕು, ದನಗಳಿಗೆ ಬೇಯಿಸಿ ಹಾಕಬೇಕು, ಮಳೆಗಾಲದ ನಾಲ್ಕು ತಿಂಗಳಂತೂ ಮನೆಮಂದಿಗೆಲ್ಲ ಬಿಸಿನೀರು ಆಗಬೇಕು. ಮನೆಯಲ್ಲಿ ಪರಿಸರ ಉಳಿಸುವ ಉಪಾಯಗಳ ಪಟ್ಟಿಗಳು ಸಾಮಾನ್ಯವಾಗಿ ಬಟ್ಟೆಯ ಚೀಲದಿಂದ ಆರಂಭವಾಗಿ ದೀಪದ ಸ್ವಿಚ್ಚಿನಲ್ಲಿ ಮುಗಿಯುತ್ತವೆ. ಅವು ತಪ್ಪಲ್ಲ, ಆದರೆ ಎಲ್ಲ ಉಪಾಯಗಳ ತೂಕವೂ ಒಂದೇ ಅಲ್ಲ. ಈ ಸೀಮೆಯಲ್ಲಿ ಲೆಕ್ಕ ಹಿಡಿದರೆ ಪಟ್ಟಿಯ ತಲೆಯಲ್ಲಿ ನಿಲ್ಲಬೇಕಾದದ್ದು ಬಚ್ಚಲ ಒಲೆ.

ನಾಲ್ಕು ಜನರ ಮನೆಯೊಂದರಲ್ಲಿ ದಿನಕ್ಕೆ ಒಬ್ಬೊಬ್ಬರಿಗೆ 20 ಲೀಟರ್ ಬಿಸಿನೀರು ಬೇಕೆನ್ನೋಣ. ಒಟ್ಟು 80 ಲೀಟರ್ ನೀರಿನ ಬಿಸಿಯನ್ನು 18 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖ ಸುಮಾರು 1.7 ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಕೆ.ಜಿ. ಒಣ ಕಟ್ಟಿಗೆಯಲ್ಲಿ ಅಡಗಿರುವ ಶಾಖ ಸುಮಾರು 4 ಯೂನಿಟ್. ಹಾಗಾಗಿ ಅರ್ಧ ಕೆ.ಜಿ.ಗಿಂತ ಕಡಿಮೆ ಕಟ್ಟಿಗೆ ಸಾಕಾಗಬೇಕಿತ್ತು. ಆದರೆ ಮೂರು ಕಲ್ಲಿನ ಒಲೆಯಲ್ಲಾಗಲಿ, ಬಾಯಿ ಅಗಲವಾಗಿ ತೆರೆದಿರುವ ಹಂಡೆಯ ಒಲೆಯಲ್ಲಾಗಲಿ ಉರಿಯ ಸುಮಾರು ಹತ್ತನೇ ಒಂದು ಭಾಗ ಮಾತ್ರ ನೀರಿಗೆ ತಲುಪುತ್ತದೆ. ಉಳಿದದ್ದು ಗೋಡೆಗೆ, ಗಾಳಿಗೆ, ಹೊಗೆಗೆ. ಹೀಗಾಗಿ ದಿನಕ್ಕೆ 4 ಕೆ.ಜಿ.ಯಷ್ಟು ಕಟ್ಟಿಗೆ ಉರಿಯುತ್ತದೆ, ವರ್ಷಕ್ಕೆ ಒಂದೂವರೆ ಟನ್ನಿನ ಹತ್ತಿರ. ಇದು ಸ್ನಾನಕ್ಕೆ ಮಾತ್ರ. ಅಡುಗೆಗೆ ಗ್ಯಾಸ್ ಬಂದಿರುವ ಮನೆಗಳಲ್ಲೂ ಬಚ್ಚಲಿಗೆ ಕಟ್ಟಿಗೆಯೇ ಗತಿ ಎಂಬುದು ಇಲ್ಲಿ ಅಪರೂಪದ ಸಂಗತಿಯಲ್ಲ. ಸಿಲಿಂಡರ್ ಬಂದ ಮೇಲೆ ಕಾಡಿನ ಮೇಲಿನ ಭಾರ ಇಳಿಯಿತೆಂದು ಭಾವಿಸುವವರು ಈ ಒಲೆಯನ್ನು ಮರೆತಿರುತ್ತಾರೆ.

ಇದಕ್ಕೆ ಪರಿಹಾರ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಹಳ್ಳಿಗೂ ಹೋಯಿತು. ಅದರ ಗುಟ್ಟು ಸರಳ. ಉರಿಯುವ ಜಾಗ ಎಲ್ಲ ಕಡೆ ಮುಚ್ಚಿರುತ್ತದೆ. ಕಟ್ಟಿಗೆ ನೆಲದ ಮೇಲಲ್ಲ, ಕಬ್ಬಿಣದ ಜಾಲರಿಯ ಮೇಲೆ ಕೂರುತ್ತದೆ. ಅದರಡಿಯಿಂದ ಗಾಳಿ ಏರಿ ಕೆಂಡ ಪೂರ್ತಿ ಉರಿಯುತ್ತದೆ. ಪಾತ್ರೆ ಒಲೆಯ ಕಂಡಿಯೊಳಗೆ ಇಳಿದು ಕೂರುವುದರಿಂದ ಬಿಸಿ ಹೊಗೆ ಅದರ ಮೈ ಸವರಿ ಮುಂದಿನ ಪಾತ್ರೆಗೆ, ಕೊನೆಗೆ ಕೊಳವೆಗೆ ಹೋಗುತ್ತದೆ. ಸರಿಯಾಗಿ ಕಟ್ಟಿದ ಇಂಥ ಒಲೆಯಲ್ಲಿ ಶೇ 30ರ ಆಸುಪಾಸು ಶಾಖ ಪಾತ್ರೆಗೆ ದಕ್ಕುತ್ತದೆ. ಅದೇ ತತ್ವದಲ್ಲಿ ಹಂಡೆಯನ್ನು ಕಟ್ಟಿದರೆ ಮೇಲಿನ ಮನೆಯ ದಿನದ ಖರ್ಚು 4 ಕೆ.ಜಿ.ಯಿಂದ ಒಂದೂವರೆ ಕೆ.ಜಿ.ಯೊಳಗೆ ಇಳಿಯುತ್ತದೆ. ಒಲೆ ಕಟ್ಟುವವನ ಕೈಗುಣ ಇಲ್ಲಿ ಮುಖ್ಯ: ಕಂಡಿ ಒಂದು ಬೆರಳು ಹೆಚ್ಚು ಅಗಲವಾದರೂ, ಕೊಳವೆಯ ಮಸಿ ತೆಗೆಯದೆ ಬಿಟ್ಟರೂ ಸುಧಾರಿತ ಒಲೆ ಹಳೆಯ ಒಲೆಯಾಗುತ್ತದೆ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಕಟ್ಟಿದ ಎಷ್ಟೋ ಒಲೆಗಳು ಹಾಳುಬಿದ್ದದ್ದು ದುರಸ್ತಿಗೆ ಯಾರೂ ಬಾರದೆ.

ಒಲೆ ಬದಲಿಸದೆಯೂ ಆಗುವ ಉಳಿತಾಯವಿದೆ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡಲು ಮೊದಲು ಉರಿ ಖರ್ಚಾಗಿ, ಆಮೇಲೆ ಉಳಿದದ್ದು ಹಂಡೆಗೆ. ಕಣ್ಣುರಿಸುವ ದಟ್ಟ ಹೊಗೆ ಎಂದರೆ ಉರಿಯದೆ ಹೋದ ಇಂಧನ. ಮೇ ತಿಂಗಳೊಳಗೆ ಕಟ್ಟಿಗೆ ಸೀಳಿ, ಗಾಳಿಯಾಡುವಂತೆ ಸೂರಿನಡಿ ಒಟ್ಟುವ ರೂಢಿ ಈ ಭಾಗದಲ್ಲಿ ಮೊದಲಿಂದಲೂ ಇದೆ, ಅದು ಶುದ್ಧ ವಿಜ್ಞಾನ. ಹಂಡೆಗೆ ಮುಚ್ಚಳ, ಒಬ್ಬರ ಹಿಂದೆ ಒಬ್ಬರಂತೆ ಸ್ನಾನ, ಹಳಿಯಾಳ ಮುಂಡಗೋಡಗಳಲ್ಲಿ ಗೋವಿನಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡನ್ನು ಒಲೆಗೆ ಬಳಸುವುದು ಇವೂ ಸೇರಿಕೊಳ್ಳುತ್ತವೆ.

ಯಾವ ಮರದ ಕಟ್ಟಿಗೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂದು ಹೆಸರು ಬದಲಾದ ಕಾಡು ಈ ಮನೆಗಳ ಹಿತ್ತಿಲಿಗೇ ಬಂದು ನಿಲ್ಲುತ್ತದೆ. ದಾಂಡೇಲಿಯ ಸುತ್ತಲ ಕಾಡಿನ ಒಂದು ಭಾಗವನ್ನು 2011ರಲ್ಲಿ ಮಂಗಟ್ಟೆ ಹಕ್ಕಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಮಂಗಟ್ಟೆ ತಾನೇ ಪೊಟರೆ ಕೊರೆಯಲಾರದು; ದೊಡ್ಡ ಹಳೆಯ ಮರಗಳಲ್ಲಿ ತಾನಾಗಿ ಆದ ಪೊಟರೆ ಹುಡುಕಿ ಗೂಡು ಮಾಡುತ್ತದೆ. ಹೆಣ್ಣು ಹಕ್ಕಿ ಒಳಗೆ ಸೇರಿ, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಂಡು ಮರಿ ಮಾಡುತ್ತದೆ. ಕಟ್ಟಿಗೆಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಇಂಥದೇ ಟೊಳ್ಳು ಮರ. ಅನುಮತಿ ಇರುವ ಕಡೆಗಳಲ್ಲಿ ಬಿದ್ದ ರೆಂಬೆ ಆಯ್ದರೆ ಕಾಡಿಗೆ ಆಗುವ ನಷ್ಟ ಕಡಿಮೆ; ನಿಂತ ಒಣಮರ ಉರುಳಿಸಿದರೆ ಹಕ್ಕಿಯ ಮನೆಯೊಂದು ಹೋಗುತ್ತದೆ. ಗದ್ದೆಯ ಬದುವಿನಲ್ಲಿ ಗೊಬ್ಬರದ ಗಿಡ, ಬೇಲಿಸಾಲಿನಲ್ಲಿ ಬೇಗ ಬೆಳೆಯುವ ಮರ ಹಾಕಿಕೊಂಡ ಮನೆಗೆ ಈ ಪ್ರಶ್ನೆಯೇ ಏಳುವುದಿಲ್ಲ.

ದನ ಎಮ್ಮೆ ಇರುವ ಮನೆಗೆ ಗೋಬರ್ ಗ್ಯಾಸ್ ಇನ್ನೊಂದು ದಾರಿ. 1984ರಲ್ಲಿ ಬಂದ ದೀನಬಂಧು ಮಾದರಿಯ ಇಟ್ಟಿಗೆ ಗುಮ್ಮಟಕ್ಕೆ ಸವೆಯುವ ಕಬ್ಬಿಣದ ಡ್ರಮ್ಮಿಲ್ಲ, ಬಹುಕಾಲ ಬಾಳುತ್ತದೆ. 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು, ಅಂದರೆ ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ ನಾಲ್ಕೈದು ರಾಸುಗಳು. ಅಷ್ಟರಲ್ಲಿ ಐದಾರು ಜನರ ಅಡುಗೆ ಆಗುತ್ತದೆ, ಹೊರಬರುವ ರಾಡಿ ತೋಟಕ್ಕೆ ಒಳ್ಳೆಯ ಗೊಬ್ಬರ. ಕಾಡಿಗೆ ಮೇಯಲು ಬಿಟ್ಟ ದನದ ಸಗಣಿ ಕಾಡಿನಲ್ಲೇ ಉಳಿಯುತ್ತದೆ, ಹಾಗಾಗಿ ಗೌಳಿಗರ ದೊಡ್ಡ ಎಮ್ಮೆ ಹಿಂಡಿದ್ದರೂ ರಾತ್ರಿ ಕಟ್ಟಿದಾಗ ಬಿದ್ದಷ್ಟೇ ಲೆಕ್ಕಕ್ಕೆ. ಮಳೆಗಾಲದ ಚಳಿಯಲ್ಲಿ ಗ್ಯಾಸ್ ಇಳಿಯುತ್ತದೆ ಎಂಬ ದೂರು ನಿಜ. ಸೂಕ್ಷ್ಮಾಣುಗಳಿಗೆ ಬೆಚ್ಚನೆಯ ಹೊಟ್ಟೆ ಬೇಕು. ಬಿಸಿಲು ಹೆಚ್ಚಿರುವ ಹಳಿಯಾಳ, ಮುಂಡಗೋಡಗಳಲ್ಲಿ ಸ್ನಾನದ ನೀರಿಗೆ ಸೋಲಾರ್ ಹೀಟರ್ ವರ್ಷದ ಎಂಟು ತಿಂಗಳು ಲಾಭದ್ದು. ಜೋಯಿಡಾದ ಜುಲೈ ತಿಂಗಳಿಗೆ ಅದನ್ನು ನಂಬಿ ಕೂರುವಂತಿಲ್ಲ.

ಅದೇ ಬಚ್ಚಲ ಒಲೆಯ ಬಾಯಿಯಲ್ಲಿ ಇನ್ನೊಂದು ಕೆಡುಕೂ ನಡೆಯುತ್ತದೆ. ಹಾಲಿನ ಕವರ್, ಬಿಸ್ಕತ್ತಿನ ಹೊದಿಕೆ, ಹರಿದ ಚಪ್ಪಲಿ, ಗುಟ್ಕಾ ಪೊಟ್ಟಣ ಎಲ್ಲವೂ ಉರಿ ಹಚ್ಚುವ ನೆಪದಲ್ಲಿ ಒಲೆ ಸೇರುತ್ತವೆ. ಕಸದ ಗಾಡಿ ಬಾರದ ಊರಿನಲ್ಲಿ ಇದು ಸುಲಭದ ವಿಲೇವಾರಿ ಎನಿಸುತ್ತದೆ. ಒಲೆಯ ಮಂದ ಉರಿಯಲ್ಲಿ ಪ್ಲಾಸ್ಟಿಕ್ ಪೂರ್ತಿ ಸುಡುವುದಿಲ್ಲ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ಕಿನಿಂದ ಡಯಾಕ್ಸಿನ್ ಎಂಬ ದೀರ್ಘಕಾಲ ಉಳಿಯುವ ವಿಷ ಹುಟ್ಟುತ್ತದೆ, ಅದರ ಒಂದು ಪಾಲು ಬೂದಿಯಲ್ಲೇ ಉಳಿಯುತ್ತದೆ. ಆ ಬೂದಿ ಪಾತ್ರೆ ತೊಳೆಯಲು, ಬದನೆ ಗಿಡದ ಬುಡಕ್ಕೆ ಹೋಗುವುದನ್ನು ನೆನೆದರೆ ಮನೆಯೊಳಗಿನ ಎಲ್ಲ ಅಭ್ಯಾಸಗಳಲ್ಲಿ ಮೊದಲು ಬಿಡಬೇಕಾದದ್ದು ಇದೇ. ಉರಿ ಹಚ್ಚಲು ಅಡಿಕೆ ಹಾಳೆ, ತೆಂಗಿನ ಗರಿ, ಒಣ ಎಲೆಯ ದರಕು ಸಾಕಷ್ಟಿವೆ.

ಕಸದ ಮಾತಿಗೆ ಬಂದರೆ, ಹಳ್ಳಿಯ ತಿಪ್ಪೆ ಒಳ್ಳೆಯ ವ್ಯವಸ್ಥೆಯಾಗಿತ್ತು. ಸಗಣಿ, ಒಲೆಬೂದಿ, ಸೊಪ್ಪು, ಬಳಿದ ಕಸ ವರ್ಷದಲ್ಲಿ ಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ಪ್ಲಾಸ್ಟಿಕ್ ಬೆರೆತದ್ದರಿಂದ ಅದು ಕೆಟ್ಟಿತು. ಈಗ ಗೊಬ್ಬರದ ಜೊತೆಗೇ ಪೊಟ್ಟಣಗಳು ಗದ್ದೆ ಸೇರುತ್ತಿವೆ. ದಾಂಡೇಲಿಯಂಥ ಪೇಟೆಯಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ತರಕಾರಿ ಸಿಪ್ಪೆ, ಉಳಿದ ಅನ್ನ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಹೊರಬೀಳುತ್ತವೆ. ರಾಶಿಯ ಒಳಗೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಹೊಮ್ಮುತ್ತದೆ. ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಬೇರ್ಪಡಿಸುವ ಕೆಲಸಕ್ಕೆ ಬೇಕಾಗುವುದು ಎರಡು ಬುಟ್ಟಿ, ಬಲ್ಬು ಬ್ಯಾಟರಿ ಔಷಧಿಗಳಿಗೊಂದು ಡಬ್ಬ. ಹಿತ್ತಿಲಿರುವ ಮನೆಯ ಹಸಿ ಕಸ ಬೀದಿಗೆ ಬರಲೇಬೇಕಿಲ್ಲ: ಒಂದು ಪದರ ಹಸಿ ಕಸ, ಒಂದು ಪದರ ದರಕು ಅಥವಾ ಮಣ್ಣು, ಮಳೆ ಬೀಳದಂತೆ ಮೇಲೊಂದು ಮರೆ. ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಸೇರಿಸಿದರಾಯಿತು. ಒಣ ಪ್ಲಾಸ್ಟಿಕ್ಕನ್ನು ತೊಳೆದು ಒಂದು ಗೋಣಿಚೀಲದಲ್ಲಿ ತುಂಬಿಡುತ್ತ ಹೋದರೆ ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಘಟಕಕ್ಕೋ ಗುಜರಿಯವರಿಗೋ ಮುಟ್ಟಿಸಬಹುದು. ಎಣ್ಣೆ, ಜಿಡ್ಡು ಮೆತ್ತಿದ ಕವರನ್ನು ಗುಜರಿಯವರೂ ಮುಟ್ಟುವುದಿಲ್ಲ.

ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳಿಗೆ ನಿಷೇಧವಿದೆ. ಹಲವು ಏಕಬಳಕೆಯ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಿದ್ದು 2022ರ ಜುಲೈ 1ರಿಂದ. ಸಂತೆಯ ದಿನ ಹಳಿಯಾಳದಲ್ಲೋ ಮುಂಡಗೋಡದಲ್ಲೋ ನಿಂತು ನೋಡುವವರಿಗೆ ಕಾನೂನಿಗೂ ಬಳಕೆಗೂ ಇರುವ ದೂರ ತಾನೇ ತಿಳಿಯುತ್ತದೆ. ಈ ಭಾಗದ ಮತ್ತೊಂದು ವಿಶೇಷವೆಂದರೆ ಜೋಯಿಡಾ, ದಾಂಡೇಲಿಗಳ ಎಷ್ಟೋ ಮನೆಗಳು ಹೋಂಸ್ಟೇಗಳೂ ಆಗಿವೆ. ಕಾಳಿ ಹೊಳೆಯ ರಾಫ್ಟಿಂಗ್‌ಗೆ ಬಂದವರ ಬಿಸಿನೀರು, ಹಾಸಿಗೆ ಬಟ್ಟೆಯ ಒಗೆತ, ನೀರಿನ ಬಾಟಲಿ ಎಲ್ಲ ಮನೆಯ ಲೆಕ್ಕಕ್ಕೇ ಸೇರುತ್ತವೆ. ಇಂಥ ಮನೆಯಲ್ಲಿ ಕುದಿಸಿ ಆರಿಸಿದ ನೀರನ್ನು ತಂಬಿಗೆಯಲ್ಲಿ ಇಡುವುದು, ದಿನಕ್ಕೊಮ್ಮೆ ಹೊದಿಕೆ ಬದಲಿಸುವ ಲಾಡ್ಜಿನ ರೂಢಿ ಬಿಡುವುದು ಮನೆಯವರ ಸ್ವಂತ ಉಳಿತಾಯಗಳೆಲ್ಲ ಸೇರಿದರೂ ಆಗದಷ್ಟು ಫಲ ಕೊಡಬಲ್ಲದು. ಮಾಂಸದ ತ್ಯಾಜ್ಯವನ್ನು ಹೊಳೆಗೆ ಎಸೆಯುವುದು ದಾಂಡೇಲಿಯಲ್ಲಿ ನೈರ್ಮಲ್ಯದ ಪ್ರಶ್ನೆಯಷ್ಟೇ ಅಲ್ಲ, ಅಲ್ಲಿ ಮೊಸಳೆಗಳಿವೆ.

ನೀರಿನ ವಿಷಯದಲ್ಲಿ ನಾಲ್ಕು ತಾಲ್ಲೂಕುಗಳು ಒಂದೇ ಅಲ್ಲ. ಜೋಯಿಡಾದ ಪಶ್ಚಿಮದ ಅಂಚಿನಲ್ಲಿ, ಕ್ಯಾಸಲ್‌ರಾಕ್ ಕಡೆ, ಮಳೆ ಹುಚ್ಚೆದ್ದು ಸುರಿಯುತ್ತದೆ. ಪೂರ್ವಕ್ಕೆ ಬಂದಂತೆ ಅದು ಕರಗಿ ಮುಂಡಗೋಡ ಅರೆಬಯಲು ಸೀಮೆಯಾಗುತ್ತದೆ, ಕೆರೆಗಳನ್ನು ನೆಚ್ಚಿ ಬದುಕುತ್ತದೆ. ವಿಚಿತ್ರವೆಂದರೆ ಅಷ್ಟು ಮಳೆಯ ಜೋಯಿಡಾದ ಇಳಿಜಾರಿನ ಮನೆಗಳಲ್ಲೂ ಬೇಸಿಗೆಗೆ ಝರಿ ಬತ್ತಿ ಕೊಡ ಹೊರುವುದುಂಟು. ಚಾವಣಿಯ ಒಂದು ಚದರ ಮೀಟರ್ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 50 ಚದರ ಮೀಟರಿನ ಹೆಂಚಿನ ಮಾಡಿನ ಮೇಲೆ 1,000 ಮಿ.ಮೀ. ಮಳೆಯಾದರೆ, ಐದನೇ ಒಂದು ಭಾಗ ವ್ಯರ್ಥವೆಂದು ಬಿಟ್ಟರೂ, 40,000 ಲೀಟರ್ ದಕ್ಕುತ್ತದೆ. ಜಲಜೀವನ ಯೋಜನೆ ತಲಾ 55 ಲೀಟರ್ ಲೆಕ್ಕ ಹಿಡಿಯುತ್ತದೆ. ಆ ಪ್ರಕಾರ ನಾಲ್ಕು ಜನರಿಗೆ ಆರು ತಿಂಗಳ ನೀರು. ಅಷ್ಟನ್ನು ತೊಟ್ಟಿಯಲ್ಲಿ ಹಿಡಿದಿಡಲು ಯಾರಿಗೂ ಆಗದು. ಜಲ್ಲಿ, ಮರಳಿನ ಸೋಸುಗುಂಡಿಯ ಮೂಲಕ ಬಾವಿಗೋ ಬಾವಿಯ ಪಕ್ಕದ ಇಂಗುಗುಂಡಿಗೋ ಬಿಟ್ಟರೆ ನೆಲವೇ ತೊಟ್ಟಿಯಾಗುತ್ತದೆ. ಮೊದಲ ಒಂದೆರಡು ಮಳೆಯ ನೀರು ಮಾಡಿನ ಧೂಳು, ಹಕ್ಕಿಯ ಹಿಕ್ಕೆ ಹೊತ್ತು ತರುವುದರಿಂದ ಅದನ್ನು ಹೊರಗೆ ಬಿಡಬೇಕು.

ಬಚ್ಚಲ ನೀರನ್ನು ಬಾಳೆ, ಕೆಸುವಿನ ಬುಡಕ್ಕೆ ಹರಿಸುವ ಹಳೆಯ ಪದ್ಧತಿ ಈಗಲೂ ಸರಿಯೇ, ಆದರೆ ಸಾಬೂನಿನ ಪ್ರಮಾಣ ಮಿತಿಯಲ್ಲಿರಬೇಕು. ಸುತ್ತಲ ಕಾಡಿನ ಸೀಗೆಕಾಯಿ, ಅಂಟುವಾಳ ಈ ನೀರಿಗೆ ತೊಂದರೆ ಕೊಡುವುದಿಲ್ಲ. ಗಣೇಶ ಚೌತಿಗೆ ಬಣ್ಣವಿಲ್ಲದ ಮಣ್ಣಿನ ಮೂರ್ತಿ ತಂದರೆ ಕೆರೆಗೂ ತೊಂದರೆಯಿಲ್ಲ.

ವಿದ್ಯುತ್ತಿನ ಬಗ್ಗೆ ಇಲ್ಲೊಂದು ತಪ್ಪು ತಿಳಿವಳಿಕೆ ಸಹಜವಾಗಿ ಬೇರೂರಿದೆ. ಸೂಪಾ ಅಣೆಕಟ್ಟು ಜೋಯಿಡಾ ತಾಲ್ಲೂಕಿನಲ್ಲೇ ಇದೆ. ಹಳೆಯ ಸೂಪಾ ಪೇಟೆ ಅದರ ಹಿನ್ನೀರಿನಲ್ಲಿ ಮುಳುಗಿತು. ಕೆಳಗೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಅದೇ ಕಾಳಿ ನೀರು ಮತ್ತೆ ಮತ್ತೆ ಚಕ್ರ ತಿರುಗಿಸುತ್ತದೆ. ಹೊಗೆಯಿಲ್ಲದ ಈ ವಿದ್ಯುತ್ತನ್ನು ಉಳಿಸಿ ಏನು ಪ್ರಯೋಜನ ಎಂಬ ಪ್ರಶ್ನೆ ಹುಟ್ಟುವುದು ಹೀಗೆ. ಆದರೆ ವಿದ್ಯುತ್ ಜಾಲ ದೇಶಕ್ಕೆಲ್ಲ ಒಂದೇ. ದಾಂಡೇಲಿಯಲ್ಲಿ ಉಳಿದ ಯೂನಿಟ್ ಸೂಪಾದಲ್ಲಿ ನೀರಾಗಿ ಉಳಿಯುತ್ತದೆ. ಬೇಡಿಕೆ ಏರಿದ ಹೊತ್ತಿನಲ್ಲಿ ಆ ನೀರು ಹರಿದರೆ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಅಷ್ಟು ಕಲ್ಲಿದ್ದಲು ಸುಡುವುದು ತಪ್ಪುತ್ತದೆ. ದೇಶದ ಜಾಲದಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕೆ.ಜಿ. ಆಸುಪಾಸು ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. 60 ವ್ಯಾಟ್‌ನ ಹಳೆಯ ಬಲ್ಬಿನ ಜಾಗದಲ್ಲಿ 9 ವ್ಯಾಟ್‌ನ ಎಲ್‌ಇಡಿ ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ 93 ಯೂನಿಟ್ ಉಳಿತಾಯ. 75 ವ್ಯಾಟ್‌ನ ಫ್ಯಾನಿನ ಬದಲು 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ವರ್ಷದಲ್ಲಿ 300 ದಿನ, ದಿನಕ್ಕೆ ಹತ್ತು ಗಂಟೆ ತಿರುಗಿದರೆ ಸುಮಾರು 135 ಯೂನಿಟ್. ಟಿವಿಯ ಕೆಂಪು ದೀಪ ಆರಿಸುವುದು ಇವುಗಳ ಮುಂದೆ ಸಣ್ಣ ಮಾತು.

2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ ಯೋಜನೆ ಈ ಲೆಕ್ಕವನ್ನು ಕಣ್ಣಿಂದ ಮರೆಮಾಡಿದೆ. ಬಿಲ್ಲು ಶೂನ್ಯ ಬಂದಾಗ ಮೀಟರ್ ಓದುವವರು ಕಡಿಮೆ. ಹಿಂದಿನ ಸರಾಸರಿ ಬಳಕೆಗಿಂತ ತುಸು ಹೆಚ್ಚಿನಷ್ಟು ಮಾತ್ರ ಉಚಿತ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು ಎಂಬ ನಿಯಮವಿದ್ದರೂ ಆ ಮಿತಿಯೊಳಗೆ ಉಳಿಸುವವರಿಗೆ ಲಾಭವೇನೂ ಕಾಣದು. ಚಾವಣಿ ಸೌರಫಲಕಕ್ಕೆ 2024ರ ಪಿಎಂ ಸೂರ್ಯಘರ್ ಯೋಜನೆ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲಿನದಕ್ಕೆ 78,000 ರೂಪಾಯಿ ಸಹಾಯಧನ ನಿಗದಿ ಮಾಡಿತು. ಕೇಂದ್ರದ ಸಹಾಯಧನ ಒಂದು ಕಡೆ, ರಾಜ್ಯದ ಉಚಿತ ವಿದ್ಯುತ್ ಇನ್ನೊಂದು ಕಡೆ ಎಳೆಯುವಾಗ ಕಡಿಮೆ ಬಳಸುವ ಬಡ ಮನೆ ಫಲಕದ ಕಡೆ ತಿರುಗುವ ಸಂಭವ ಕಡಿಮೆ. ಹೋಂಸ್ಟೇ ಮತ್ತು ದೊಡ್ಡ ಮನೆಗಳಿಗೆ ಮಾತ್ರ ಲೆಕ್ಕ ಕೂಡುತ್ತದೆ.

ಊಟದಲ್ಲಿ ಕಡಿಮೆ ಭಾರದ ಬದುಕಿಗೆ ಮಾದರಿ ಜೋಯಿಡಾದ ಕುಣಬಿ ಮನೆಗಳಲ್ಲೇ ಇದೆ. ಮುಡ್ಲಿ ಎಂದು ಕರೆಯುವ ಕೆಸುವಿನ ಜಾತಿಯ ದೊಡ್ಡ ಗೆಡ್ಡೆ, ಬಗೆಬಗೆಯ ಗೆಣಸುಗಳು ಹಿತ್ತಿಲ ಮಣ್ಣಿನಲ್ಲಿ ಮಳೆನೀರಿಗೇ ಬೆಳೆಯುತ್ತವೆ, ರಾಸಾಯನಿಕ ಗೊಬ್ಬರ ಕೇಳುವುದಿಲ್ಲ, ಬೇಕಾದಾಗ ಅಗೆಯುವವರೆಗೆ ನೆಲದಲ್ಲೇ ಇರುವುದರಿಂದ ಫ್ರಿಜ್ಜಿನ ಹಂಗೂ ಇಲ್ಲ. ಜೋಯಿಡಾದಲ್ಲಿ ನಡೆಯುವ ಗೆಡ್ಡೆ ಗೆಣಸು ಮೇಳದಲ್ಲಿ ಇವನ್ನು ಸಾಲಾಗಿ ನೋಡಬಹುದು. ಪೇಟೆಯ ಮನೆಗೆ ಅನ್ವಯಿಸುವ ಮಾತು ಹೆಚ್ಚು ಸಾದಾ: ಬೇಳೆಕಾಳು ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು, ತಿನ್ನುವಷ್ಟೇ ಮಾಡುವುದು. 14.2 ಕೆ.ಜಿ. ಸಿಲಿಂಡರ್ ಒಂದು ಉರಿದರೆ ಸುಮಾರು 42 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ.

ಕಾಗದ, ಬಿದಿರಿನ ಕಥೆ ದಾಂಡೇಲಿಯಲ್ಲಿ ಮನೆಯ ಕಥೆಯೂ ಹೌದು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೆ ಸರ್ಕಾರ ಕಾಡಿನ ಬಿದಿರನ್ನು ಆರಂಭದಲ್ಲಿ ಟನ್ನಿಗೆ ಒಂದೂವರೆ ರೂಪಾಯಿಗೆ ಕೊಟ್ಟಿತು. ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಎಷ್ಟೋ ಪಟ್ಟು ಹೆಚ್ಚು ಬೆಲೆ ತೆರಬೇಕಾಯಿತು. ಬಿದಿರು ಏಕೆ ಕ್ಷೀಣಿಸುತ್ತಿದೆ ಎಂದು 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಇಲ್ಲಿ ಅಧ್ಯಯನ ಮಾಡಿದಾಗ, ಮೆಳೆಯ ಬುಡದ ಮುಳ್ಳು ಸವರಿದ್ದರಿಂದ ಎಳೆ ಕಳಲೆ ಪ್ರಾಣಿಗಳ ಬಾಯಿಗೆ ಸಿಗುತ್ತಿದೆ ಎಂಬ ಹಳ್ಳಿಗರ ಮಾತೇ ನಿಜವಾಯಿತು. ಎರಡೂ ಬದಿ ಬರೆದ ನೋಟುಬುಕ್ಕು, ಕಟ್ಟು ಕಟ್ಟಿ ರದ್ದಿಗೆ ಹಾಕಿದ ಪತ್ರಿಕೆಗಳಿಂದ ಅಷ್ಟು ಹೊಸ ತಿರುಳು ತಪ್ಪುತ್ತದೆ. ಮೇದಾರರ ಬುಟ್ಟಿ, ಮೊರ ಕೊಂಡರೆ ಪ್ಲಾಸ್ಟಿಕ್ಕೂ ತಪ್ಪುತ್ತದೆ, ಕಸುಬೂ ನಿಲ್ಲುತ್ತದೆ.

ಹಳೆಯ ಬಟ್ಟೆಗೆ ಈ ಸೀಮೆಯಲ್ಲಿ ಸಿದ್ದಿ ಹೆಂಗಸರ ಕೌದಿಗಿಂತ ಒಳ್ಳೆಯ ಮರುಬಳಕೆ ಕಾಣಸಿಗದು. ಸವೆದ ಸೀರೆಯ ಪದರಗಳ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಕೈಹೊಲಿಗೆಯಲ್ಲಿ ಕೂಡಿಸುತ್ತ ಬಂದು, ಮೂಲೆಗಳಿಗೆ ಫುಲ ಎಂಬ ಮಡಿಸಿದ ತ್ರಿಕೋನ ಇಟ್ಟು ಮುಗಿಸುತ್ತಾರೆ. ಈಗ ಇವು ವಿದೇಶದ ಸಂಗ್ರಹಗಳಲ್ಲೂ ಇವೆ. ಕೌದಿ ಹೊಲಿಯಲು ಬಾರದ ಮನೆಗೂ ನೂಲಿನ ಬಟ್ಟೆ ಕೊಳ್ಳುವ ಕಾರಣ ಇಲ್ಲಿದೆ: ಪಾಲಿಯೆಸ್ಟರ್ ಸೀರೆ ಒಗೆದಾಗಲೆಲ್ಲ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳನ್ನು ಹೊಳೆಗೆ ಬಿಡುತ್ತದೆ.

ಉಳಿದದ್ದು ಓಡಾಟ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈ ಆಕ್ಸೈಡ್. ತುಂಬಿದ ಬಸ್ಸಿನಲ್ಲಿ ಹೋದವರ ಪಾಲಿಗೆ ಬೀಳುವುದು ಒಬ್ಬರೇ ಬೈಕಿನಲ್ಲಿ ಹೋದಾಗಿನದಕ್ಕಿಂತ ಕಡಿಮೆ, ಕಾರಿಗಿಂತ ಬಹಳ ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಹಳಿಯಾಳ, ಮುಂಡಗೋಡದಂಥ ಊರುಗಳಲ್ಲಿ ಈ ಆಯ್ಕೆ ಹೆಂಗಸರಿಗೆ ಸುಲಭವಾಯಿತು. ಜೋಯಿಡಾದ ಒಳಹಳ್ಳಿಗಳಿಗೆ ದಿನಕ್ಕೊಂದೆರಡು ಬಸ್ಸು ಬಂದರೆ ಹೆಚ್ಚು, ಮಳೆಗಾಲದಲ್ಲಿ ಅದೂ ತಪ್ಪುತ್ತದೆ. ಅಂಥಲ್ಲಿ ಬೈಕು ಬಿಡಿ ಎಂದು ಮನೆಯವರಿಗೆ ಹೇಳುವುದರಲ್ಲಿ ಅರ್ಥವಿಲ್ಲ. ಸಂತೆ, ರೇಷನ್, ಬ್ಯಾಂಕಿನ ಕೆಲಸಗಳನ್ನು ಒಂದೇ ದಿನಕ್ಕೆ ಹೊಂದಿಸಿಕೊಂಡು ನೆರೆಮನೆಯವರೊಂದಿಗೆ ಒಂದೇ ಗಾಡಿಯಲ್ಲಿ ಹೋಗುವುದು ಅವರ ಕೈಯಲ್ಲಿರುವಷ್ಟು, ಬಸ್ಸು ಬಿಡುವುದು ಸಾರಿಗೆ ಸಂಸ್ಥೆಯ ಕೆಲಸ.